ತಿನ್ನದ ಊಟದ ರಸೀದಿ

ಸುಳ್ಳು ಬಿಲ್ಲು ಕೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಗೋವಿಂದರಾಜನಗರದ ನಮ್ಮ ಖಾನಾವಳಿಯ ಗಲ್ಲಾದ ಮುಂದೆ ಮೂವತ್ತು ವರ್ಷ ಕೂತಿದ್ದೇನೆ. ಔಷಧಿ ಕಂಪನಿಯ ಹುಡುಗರು, ಇನ್ಶೂರೆನ್ಸ್ ಮಾರುವವರು ಒಂದು ಊಟ ಮುಗಿಸಿ, ಹಲ್ಲು ಕಿರಿಯುತ್ತಾ "ಆಂಟಿ, ಮೂರು ಊಟ ಅಂತ ಬರ್ಕೊಡಿ, ಕಂಪನಿ ದುಡ್ಡು ತಾನೆ" ಎನ್ನುತ್ತಾರೆ. "ನಿಮ್ಮ ಮ್ಯಾನೇಜರ್‌ನ ಕರ್ಕೊಂಡ್ಬನ್ನಿ, ಅವರೆದುರಿಗೇ ಬರ್ಕೊಡ್ತೀನಿ" ಎಂದು ನಾನು ಕಳಿಸುತ್ತೇನೆ. ಕೆಲವರು ನಗುತ್ತಾರೆ, ಕೆಲವರು ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ಹೋದರೆ ಹೋಗಲಿ. ಅನ್ನ ಬಡಿಸಿದ ಕೈಯಲ್ಲಿ ಸುಳ್ಳು ಬರೆಯಬಾರದು ಎಂದು ನನ್ನ ಅತ್ತೆ ಹೇಳಿಕೊಟ್ಟಿದ್ದರು. ಅವರ ಉಳಿದ ಮಾತುಗಳಲ್ಲಿ ಅರ್ಧವನ್ನು ನಾನು ಕೇಳಿಲ್ಲ, ಇದೊಂದನ್ನು ಮಾತ್ರ ಕಟ್ಟುನಿಟ್ಟಾಗಿ ಪಾಲಿಸಿದ್ದೇನೆ. ಹಾಗೆ ಪಾಲಿಸಿದ್ದು ಒಮ್ಮೆ ಒಬ್ಬ ಹುಡುಗಿಗೆ ಬಹಳ ತುಟ್ಟಿಯಾಯಿತು. ಅದನ್ನು ಹೇಳಬೇಕು ಅಂತಲೇ ಬರೆಯಲು ಕೂತಿದ್ದೇನೆ.

ನಾವು ಗದಗಿನ ಕಡೆಯವರು. ಮದುವೆಯಾಗಿ ಎರಡು ವರ್ಷಕ್ಕೆ ಯಜಮಾನರ ಜೊತೆ ಬೆಂಗಳೂರಿಗೆ ಬಂದಾಗ ವಿಜಯನಗರದಲ್ಲಿ ಇನ್ನೂ ಖಾಲಿ ಸೈಟುಗಳಿದ್ದವು, ಅವುಗಳಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಮೆಟ್ರೋ ಎಂಬ ಶಬ್ದವನ್ನೇ ಯಾರೂ ಕೇಳಿರಲಿಲ್ಲ. ಮಾಗಡಿ ರಸ್ತೆಯ ಟೋಲ್‌ಗೇಟ್‌ನಲ್ಲಿ ಬಸ್ಸಿಳಿದು, ತಲೆಯ ಮೇಲೆ ಜೋಳದ ಚೀಲ ಹೊತ್ತ ಅತ್ತೆಯ ಹಿಂದೆ ನಾನು ನಡೆದು ಬಂದೆ. ಪ್ರಾಯದ ಸೊಸೆ ಕೈಬೀಸಿಕೊಂಡು ಬರುತ್ತಿದ್ದಾಳೆ ಎಂದು ಬೀದಿಯವರು ನೋಡುತ್ತಿದ್ದರು. "ನಾ ಹೊರತೀನ್ರಿ" ಎಂದು ಎರಡು ಸಲ ಕೇಳಿದೆ. "ನಿನ್ನ ಕೈಯಾಗ ಕೊಟ್ರ ಜ್ವಾಳ ಎಲ್ಲಾ ದಾರಿಮ್ಯಾಗ ಇರತೈತಿ" ಎಂದರು ಅತ್ತೆ. ಆ ಜೋಳದಿಂದಲೇ ಖಾನಾವಳಿ ಶುರುವಾಯಿತು. ಬಾಡಿಗೆ ಮನೆಯ ಮುಂಗೋಣೆಯಲ್ಲಿ ನಾಲ್ಕು ಮಣೆ, ಒಳಗೆ ಎರಡು ಒಲೆ. ಅತ್ತೆ ರೊಟ್ಟಿ ಬಡಿಯುವುದು, ನಾನು ಪಲ್ಯ ಮಾಡಿ ಬಡಿಸುವುದು, ಯಜಮಾನರು ಮಾರುಕಟ್ಟೆಗೆ ಹೋಗಿಬರುವುದು.

ಮೊದಲು ಬಂದವರು ವಿದ್ಯಾರ್ಥಿಗಳೇ. ರಾಜಾಜಿನಗರದ ಕಡೆ ಒಂದು ಉಚಿತ ವಿದ್ಯಾರ್ಥಿನಿಲಯವಿತ್ತು. ಅಲ್ಲಿ ಭಾನುವಾರ ಸಂಜೆ ಅಡುಗೆಯವರಿಗೆ ರಜೆ, ಹುಡುಗರಿಗೆ ಊಟವಿಲ್ಲ. ಆರು ಗಂಟೆಗೆಲ್ಲ ಬೀದಿಯ ತುದಿಯಲ್ಲಿ ಚಪ್ಪಲಿಗಳ ಸದ್ದು ಕೇಳುತ್ತಿತ್ತು. ವಿಜಯಪುರದವರು, ಕೊಪ್ಪಳದವರು, ದಾವಣಗೆರೆಯವರು, ಬೇರೆ ಬೇರೆ ಕನ್ನಡ ಮಾತಾಡಿಕೊಂಡು ಬರುತ್ತಿದ್ದರು. ತಟ್ಟೆ ಮುಂದೆ ಬಂದ ಮೇಲೆ ಮಾತ್ರ ಯಾರ ಬಾಯಿಂದಲೂ ಮಾತು ಬರುತ್ತಿರಲಿಲ್ಲ. ಬಿಸಿ ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳು, ಶೇಂಗಾ ಚಟ್ನಿ, ಮೇಲೆ ಒಂದು ಲೋಟ ಮಜ್ಜಿಗೆ. ರೊಟ್ಟಿಗೆ ಲೆಕ್ಕವಿಲ್ಲ ಎಂದು ಅತ್ತೆ ಮೊದಲ ದಿನವೇ ಹೇಳಿಬಿಟ್ಟಿದ್ದರು. ಪರೀಕ್ಷೆ ಹತ್ತಿರ ಬಂದಾಗ ಆ ಮಾತನ್ನು ಹುಡುಗರು ಎಷ್ಟು ಗಂಭೀರವಾಗಿ ತೆಗೆದುಕೊಳ್ಳುತ್ತಿದ್ದರೆಂದರೆ, ಅತ್ತೆ ಒಳಗಿನಿಂದ ಕೂಗುತ್ತಿದ್ದರು: "ಏ, ಯಾರೋ ಅದು ಗೋಡಿ ಕಡೆ ಕುಂತಾವ? ಒಲಿಗೂ ಒಂದಿಷ್ಟು ಉಸಿರಾಡಾಕ ಬಿಡಪ." ಆ ಹುಡುಗ ತಲೆ ತಗ್ಗಿಸಿ ನಗುತ್ತಾ ಇನ್ನೊಂದು ರೊಟ್ಟಿಗೆ ಕೈ ಚಾಚುತ್ತಿದ್ದ.

ಆಮೇಲೆ ತಿಂಗಳ ಕಾರ್ಡು ಬಂತು. ದಪ್ಪ ರಟ್ಟಿನ ಕಾರ್ಡು, ಅದರ ಮೇಲೆ ಚೌಕಗಳು, ಒಂದು ಊಟಕ್ಕೆ ಒಂದು ಚೌಕ. ಊಟವಾದ ಮೇಲೆ ಹುಡುಗರು ಗಲ್ಲಾದ ಹತ್ತಿರ ಬಂದರೆ ನಾನು ಕಂಡಕ್ಟರ್ ಹಾಗೆ ತೂತು ಹೊಡೆಯಬೇಕು. ಊರಿಗೆ ಹೋದರೆ ಉಳಿದ ಚೌಕಗಳು ಮುಂದಿನ ತಿಂಗಳಿಗೆ. ತಿನ್ನದ ಊಟದ ದುಡ್ಡು ನಮಗೆ ಬೇಡ, ಇದೂ ಅತ್ತೆಯದೇ ಕಾನೂನು. ಬೀದಿಯ ಬೇರೆ ಮೆಸ್ಸಿನವರು ನಮ್ಮನ್ನು ಹುಚ್ಚರು ಎನ್ನುತ್ತಿದ್ದರು. ಇರಬಹುದು. ಆದರೆ ಆ ಮೆಸ್ಸುಗಳು ಮುಚ್ಚಿ ಈಗ ಅಲ್ಲಿ ಮೊಬೈಲ್ ಅಂಗಡಿಗಳಾಗಿವೆ, ನಾವಿನ್ನೂ ಇದ್ದೇವೆ.

ಅವತ್ತಿನ ಒಂದು ಸಂಗತಿಯನ್ನು ಇವತ್ತಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ. ಸರ್ಕಾರಿ ಕಾಲೇಜಿನಲ್ಲಿ ಓದುತ್ತಿದ್ದ ಒಬ್ಬ ಹುಡುಗ ಒಂದು ದಿನ ಕಾಲೇಜಿನ ರಸೀದಿ, ನಮ್ಮ ಕಾರ್ಡು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸಿದ. ಅವನ ಇಡೀ ವರ್ಷದ ಫೀಸಿಗಿಂತ ನಮ್ಮ ಒಂದು ತಿಂಗಳ ಕಾರ್ಡೇ ಜಾಸ್ತಿ. "ನೋಡ್ರಿ ಅಕ್ಕಾರ, ಸರ್ಕಾರದಾವ್ರಿಗಿಂತ ನೀವ ತುಟ್ಟಿ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಒಳಗೆ ಎಲ್ಲೋ ಚುಚ್ಚಿತು. ಮುಂದಿನ ತಿಂಗಳು ಅವನ ಕಾರ್ಡಿನ ಮೇಲೆ ನಾಲ್ಕು ಚೌಕ ಹೆಚ್ಚು ಎಳೆದುಕೊಟ್ಟೆ.

ಚುಚ್ಚಲು ಕಾರಣವಿತ್ತು. ನನ್ನ ಓದು ನಿಂತದ್ದೇ ಊಟಕ್ಕೆ. ಬಿ.ಎ. ಎರಡನೇ ವರ್ಷದಲ್ಲಿದ್ದೆ, ಕನ್ನಡದಲ್ಲಿ ತರಗತಿಗೇ ಮೊದಲು. ಅಪ್ಪ ಫೀಸು ಕಟ್ಟಿದ್ದರು. ಅದು ಅವರಿಗೆ ದೊಡ್ಡ ಮಾತಾಗಿರಲಿಲ್ಲ. ಹಾಸ್ಟೆಲ್ಲಿನ ಊಟದ ದುಡ್ಡು ತಿಂಗಳು ತಿಂಗಳು ಕಳಿಸುವುದು ಆಗಲಿಲ್ಲ. ದಸರೆಗೆ ಊರಿಗೆ ಬಂದವಳು ತಿರುಗಿ ಹೋಗಲಿಲ್ಲ. ಆದ್ದರಿಂದ ಓದುವ ಮಕ್ಕಳ ಹೊಟ್ಟೆ ತುಂಬಿಸಿದರೆ ಉಳಿದದ್ದು ತಾನಾಗಿ ನಡೆಯುತ್ತದೆ ಎಂದು ನಾನು ನಂಬಿದ್ದೆ. ನಂಬಿದಂತೆಯೇ ನಡೆಯಿತು ಕೂಡ. ನಾಲ್ಕು ತಿಂಗಳು ದುಡ್ಡು ಕೊಡದೆ ಉಂಡವರು ಆಮೇಲೆ ಎಂಜಿನಿಯರಾದರು, ವಕೀಲರಾದರು, ಒಬ್ಬ ತಹಸೀಲ್ದಾರನಾದ. ಮದುವೆಯ ಕಾಗದ ಹಿಡಿದು, ಹೆಂಡತಿ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. "ಈ ಅಕ್ಕಾರ ಅನ್ನದ ಋಣ ಏಳು ಜನ್ಮಕ್ಕೂ ತೀರೋದಲ್ಲ" ಎನ್ನುತ್ತಾರೆ. ಸುಳ್ಳು ಯಾಕೆ ಹೇಳಲಿ, ಆ ಮಾತು ಕೇಳಿದ ದಿನ ನನಗೆ ಸಂಜೆಯ ಕೆಲಸ ಹಗುರಾಗುತ್ತದೆ.

ಆ ಹುಡುಗಿ ಬಂದದ್ದು ಮೆಟ್ರೋ ಕೆಂಗೇರಿಯ ತನಕ ಓಡಲು ಶುರುವಾದ ಮೇಲೆ. ಅಷ್ಟರಲ್ಲಿ ಅತ್ತೆ ತೀರಿಕೊಂಡಿದ್ದರು, ಮಣೆಗಳು ಹೋಗಿ ಸ್ಟೀಲಿನ ಮೇಜುಗಳು ಬಂದಿದ್ದವು, ರೊಟ್ಟಿ ಬಡಿಯಲು ಇಬ್ಬರು ಹೆಂಗಸರಿದ್ದರು. ಕೊಪ್ಪಳದ ಕಡೆಯ ಹುಡುಗಿ, ಅಪ್ಪ ಸಾಮಾನು ಸಾಗಿಸುವ ಟೆಂಪೋ ಓಡಿಸುತ್ತಾನೆ, ತಮ್ಮ ಇನ್ನೂ ಹೈಸ್ಕೂಲು. ಅವಳು ಕೆಂಗೇರಿಯ ಆಚೆ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಿದ್ದಳು, ನಮ್ಮ ಹಿಂದಿನ ಬೀದಿಯ ಪಿ.ಜಿ.ಯಲ್ಲಿ ನಾಲ್ಕು ಜನರ ಕೋಣೆಯಲ್ಲಿ ಇರುತ್ತಿದ್ದಳು. ಮೊದಲ ದಿನ ಒಂದು ಹೊತ್ತಿನ ಕಾರ್ಡು ಕೇಳಿದಳು.

"ಮಧ್ಯಾಹ್ನ ಏನ್ ಮಾಡ್ತಿ?" ಎಂದೆ.

"ಕಾಲೇಜ್‌ನ್ಯಾಗ ಏನರ ತಿಂತೀನ್ರಿ" ಎಂದಳು. ಆ 'ಏನರ' ಎಂದರೆ ಬನ್ನು ಮತ್ತು ಚಹಾ ಎಂದು ಒಂದು ವಾರದಲ್ಲಿ ನನಗೆ ಗೊತ್ತಾಯಿತು. ಸಂಜೆ ಏಳಕ್ಕೆ ಬಂದು ಕೂತರೆ ಮೊದಲ ಎರಡು ರೊಟ್ಟಿ ಎಲ್ಲಿ ಹೋದವು ಅಂತಲೇ ತಿಳಿಯುತ್ತಿರಲಿಲ್ಲ.

ತಿಂಗಳ ಕೊನೆಗೆ ಅವಳು ರಸೀದಿ ಕೇಳಿದಳು. ಅಂಥದ್ದನ್ನು ಅದುವರೆಗೆ ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ. ಯಾಕೆ ಎಂದರೆ, ಬ್ಯಾಂಕಿಗೆ. ಅವಳು ಓದುತ್ತಿದ್ದದ್ದು ಸಾಲದಲ್ಲಿ. ಕಾಲೇಜಿನ ಫೀಸನ್ನು ಬ್ಯಾಂಕು ನೇರವಾಗಿ ಕಾಲೇಜಿಗೇ ಕಟ್ಟುತ್ತದಂತೆ, ವಸತಿ ಮತ್ತು ಊಟದ ದುಡ್ಡನ್ನು ಆರು ತಿಂಗಳಿಗೊಮ್ಮೆ ರಸೀದಿಗಳನ್ನು ನೋಡಿ ಇವಳ ಖಾತೆಗೆ ಹಾಕುತ್ತದಂತೆ. ಸಾಲ ಎಷ್ಟು ಎಂದು ಕೇಳಿದೆ. ಹೇಳಿದಳು. ಆ ದುಡ್ಡಿಗೆ ನಮ್ಮ ಊರಲ್ಲಿ ಒಂದು ಮನೆ ಕಟ್ಟಿ, ಗೃಹಪ್ರವೇಶಕ್ಕೆ ಹೋಳಿಗೆ ಊಟವನ್ನೂ ಹಾಕಬಹುದಿತ್ತು. "ಅಷ್ಟು ದುಡ್ಡಿಗೆ ಸಹಿ ಹಾಕುವಾಗ ಕೈ ನಡುಗಲಿಲ್ಲೇನ ನಿನಗ?" ಎಂದೆ. "ನಾ ಹಾಕುಮುಂದ ನಡುಗಲಿಲ್ರಿ. ಅಪ್ಪಂದು ನಡುಗಿತು" ಎಂದಳು.

ಹೀಗೆ ಎರಡು ವರ್ಷ ನಡೆಯಿತು. ಪ್ರತಿ ತಿಂಗಳೂ ಒಂದು ಹೊತ್ತಿನ ಊಟಕ್ಕೆ ಒಂದು ಹೊತ್ತಿನ ರಸೀದಿ. ಅವಳ ಬುದ್ಧಿ ಚುರುಕು. ನಮ್ಮ ತರಕಾರಿಯ ಲೆಕ್ಕದಲ್ಲಿ ಯಜಮಾನರು ಒಂದೇ ಮೊತ್ತವನ್ನು ಎರಡು ಸಲ ಕೂಡಿಸಿದ್ದನ್ನು ಕೈ ತೊಳೆಯಲು ಹೋಗುವಾಗ ಕಣ್ಣಲ್ಲೇ ನೋಡಿ ಹೇಳಿದ್ದಳು. ನನಗೆ ಅವಳ ಮೇಲೆ ಜೀವ. ನನ್ನ ಮಗ ದಾವಣಗೆರೆಯಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದಾನೆ, ಹೆಣ್ಣುಮಕ್ಕಳಿಲ್ಲ. ಇವಳು ಬರುವ ಹೊತ್ತಿಗೆ ಕೆನೆಮೊಸರನ್ನು ಬೇರೆ ತೆಗೆದಿಡುತ್ತಿದ್ದೆ.

ಮೂರನೇ ವರ್ಷದ ನಡುವೆ ಒಂದು ಸಂಜೆ ಊಟ ಮುಗಿಸಿ ಗಲ್ಲಾದ ಹತ್ತಿರ ಬಂದು ನಿಂತಳು. ಕಾರ್ಡಿಗೆ ತೂತು ಹೊಡೆದು ಕೊಟ್ಟರೂ ಹೋಗಲಿಲ್ಲ.

"ಅಕ್ಕಾರ, ಈ ಸಲ ರಸೀದಿ ಎರಡು ಹೊತ್ತಿಂದು ಅಂತ ಬರದ ಕೊಡ್ತೀರೇನ್ರಿ? ಹಿಂದಿನ ಆರು ತಿಂಗಳದ್ದೂ?"

"ತಿನ್ನೋದು ಒಂದು ಹೊತ್ತು ಅಲ್ಲ?"

"ಹೌದ್ರಿ. ಕಾಲೇಜ್‌ನ್ಯಾಗ ಹೊಸಾದೊಂದು ಟ್ರೇನಿಂಗ್ ಫೀಸ್ ಹಾಕ್ಯಾರ. ಬ್ಯಾಂಕಿನ ಪಟ್ಟಿಯೊಳಗ ಅದು ಇಲ್ಲ. ಕಟ್ಟಲಿಲ್ಲಂದ್ರ ಹಾಲ್ ಟಿಕೆಟ್ ಕೊಡಂಗಿಲ್ಲಂತ. ನೀವು ಬರದ ಕೊಟ್ರ ಊಟದ ದುಡ್ಡು ಅಂತ ಬರತೈತಿ, ಅದನ್ನ ಅಲ್ಲಿ ಕಟ್ತೀನ್ರಿ. ಸಾಲ ನನ್ನ ಹೆಸರಿಗೇ ಏರತೈತಿ, ಯಾರಿಗೂ ಮೋಸ ಇಲ್ಲ."

ಈಗ ಯೋಚಿಸಿದರೆ ಅವಳು ಎಷ್ಟು ಸರಿಯಾಗಿ ಹೇಳಿದ್ದಳು ಅನಿಸುತ್ತದೆ. ಯಾರ ದುಡ್ಡನ್ನೂ ಅವಳು ಹೊಡೆಯುತ್ತಿರಲಿಲ್ಲ. ತನ್ನ ಕುತ್ತಿಗೆಗೆ ತಾನೇ ಇನ್ನಷ್ಟು ಭಾರ ಕಟ್ಟಿಕೊಳ್ಳಲು ನನ್ನ ಎರಡು ಸಾಲು ಬೇಕಿತ್ತು. ಆದರೆ ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ. ಮೂವತ್ತು ವರ್ಷ ಮಾರಾಟದವರಿಗೆ ಹೇಳಿದ ಮಾತು ನಾಲಗೆಯ ಮೇಲೆ ತಯಾರಾಗಿಯೇ ಇತ್ತು.

"ತಿನ್ನದ ಊಟಕ್ಕ ಚೀಟಿ ಬರಿಯೋ ಅಂಗಡಿ ಅಲ್ಲ ಇದು" ಎಂದೆ. ಮೆಲ್ಲಗೆ ಹೇಳಲಿಲ್ಲ. ಮೇಜುಗಳಲ್ಲಿ ಐದಾರು ಜನ ಹುಡುಗರಿದ್ದರು, ಎಲ್ಲರೂ ತಲೆ ಎತ್ತಿ ನೋಡಿದರು. "ಕಲಿಯಾಕ ಬಂದು ಇದನ್ನ ಕಲ್ತಿ? ಕಾಲೇಜಿನಾವ್ರನ್ನ ಕೇಳು, ನಿಮ್ಮ ಅಪ್ಪನ್ನ ಕೇಳು. ಹೀಂಗ ಸುಳ್ಳು ಬರಿಸಿಕೊಂಡು ಎಂಜಿನಿಯರ್ ಆಗಿ ಮುಂದ ಏನ ಕಟ್ಟತಿ?"

ಅವಳ ಮುಖ ಕೆಂಪಾಯಿತು. "ಆತ್ರಿ" ಎಂದಷ್ಟೇ ಹೇಳಿ ಹೋದಳು.

ಆ ರಾತ್ರಿ ನನಗೆ ಸಮಾಧಾನವಿರಲಿಲ್ಲ. ಬೈದದ್ದು ಸರಿ, ಎಲ್ಲರೆದುರು ಬೈಯಬಾರದಿತ್ತು ಅನಿಸಿತು. ಬೆಳಿಗ್ಗೆ ಎದ್ದವಳೇ ಡಬ್ಬಿ ಕಟ್ಟಿದೆ. ಮೂರು ಚಪಾತಿ, ಬದನೆಕಾಯಿ ಪಲ್ಯ, ಮೊಸರನ್ನ. ಪಿ.ಜಿ.ಯ ಬಾಗಿಲಿಗೇ ಹೋಗಿ ಅವಳನ್ನು ಕರೆದು ಕೈಗಿಟ್ಟೆ. "ಚೀಟಿ ಬರಿಯಂಗಿಲ್ಲ ಅಂದೆ, ಊಟ ಕೊಡಂಗಿಲ್ಲ ಅಂದೆನೇನ? ಇವತ್ತಿಂದ ಮಧ್ಯಾಹ್ನದ್ದೂ ನಂದ. ದುಡ್ಡು ಕೇಳಂಗಿಲ್ಲ." ಅವಳು "ಬ್ಯಾಡ್ರಿ ಅಕ್ಕಾರ" ಎಂದಳು. ನಾನು ಕೇಳಬೇಕಲ್ಲ. ಡಬ್ಬಿಯನ್ನು ಅವಳ ಬ್ಯಾಗಿನೊಳಗೆ ನಾನೇ ತುರುಕಿದೆ.

ಮೂರು ವಾರ ಡಬ್ಬಿ ಕಟ್ಟಿದೆ. ದಿನಕ್ಕೊಂದು ಬಗೆ. ಸೋಮವಾರ ಇದ್ದದ್ದು ಮಂಗಳವಾರ ಇರಬಾರದು ಎಂದು ಹಟ ಹಿಡಿದೆ. ಸಂಜೆ ಡಬ್ಬಿ ತೊಳೆದು ತಂದಿಡುತ್ತಿದ್ದಳು, "ಚೊಲೋ ಇತ್ರಿ" ಎನ್ನುತ್ತಿದ್ದಳು. ನನಗೆ ಬಹಳ ಖುಷಿ. ಧರ್ಮವೂ ಉಳಿಯಿತು, ಮಗುವೂ ಉಂಡಿತು ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ. ಒಂದು ಬೆಳಿಗ್ಗೆ ಈರುಳ್ಳಿ ಸುಲಿಯುತ್ತಾ ಯಜಮಾನರು ಹೇಳಿದರು: "ಆಕಿ ಕೇಳಿದ್ದು ಚೀಟಿ. ನೀ ಕೊಡಾಕತ್ತಿದ್ದು ರೊಟ್ಟಿ." ಯಜಮಾನರು ದಿನಕ್ಕೆ ಹತ್ತು ಮಾತಾಡುವವರಲ್ಲ. ಆಡಿದ್ದು ಒಂದಾದರೂ ಅದು ನೆಟ್ಟಗೆ ಬಂದು ತಾಗುತ್ತದೆ. "ನೀವು ಸುಮ್ನ ಈರುಳ್ಳಿ ನೋಡ್ರಿ" ಎಂದೆ.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಆಗ ನನ್ನ ಹತ್ತಿರ ದುಡ್ಡಿತ್ತು. ರೊಟ್ಟಿ ಮಾಡುವ ಯಂತ್ರ ಕೊಳ್ಳಬೇಕೆಂದು ಚೀಟಿ ಫಂಡು ಕಟ್ಟಿ ಎತ್ತಿಕೊಂಡದ್ದು ಬ್ಯಾಂಕಿನಲ್ಲೇ ಕೂತಿತ್ತು. ಆ ಹುಡುಗಿಯ ಫೀಸು ಅದರ ಕಾಲು ಭಾಗವೂ ಆಗುತ್ತಿರಲಿಲ್ಲ. ಕೊಡಬಾರದು ಎಂದು ನಾನು ಯೋಚಿಸಲಿಲ್ಲ. ಕೊಡಬಹುದು ಎಂಬುದೇ ತಲೆಗೆ ಬರಲಿಲ್ಲ, ಅಷ್ಟೆ. ಫೀಸು ಎಂದರೆ ಹೇಗೋ ಒಂದು ರೀತಿಯಲ್ಲಿ ಕಟ್ಟಿಯಾಗುವಂಥದ್ದು, ಊಟವೇ ಕಷ್ಟದ್ದು ಎಂದು ನನ್ನ ಇಪ್ಪತ್ತನೇ ವಯಸ್ಸಿನಲ್ಲಿ ತಲೆಯೊಳಗೆ ಕೂತದ್ದು ಐವತ್ತೆಂಟಕ್ಕೂ ಎದ್ದಿರಲಿಲ್ಲ. ಕಾಲ ತಿರುಗಿ ನಿಂತಿತ್ತು. ಈಗ ಊಟವೇ ಎಲ್ಲಕ್ಕಿಂತ ಅಗ್ಗದ್ದು.

ನಾಲ್ಕನೇ ವಾರ ಒಂದು ಸಂಜೆ ಡಬ್ಬಿಯ ಜೊತೆ ಕಾರ್ಡನ್ನೂ ಗಲ್ಲಾದ ಮೇಲಿಟ್ಟಳು. "ನಾಳಿಂದ ಬರಂಗಿಲ್ರಿ ಅಕ್ಕಾರ" ಎಂದಳು. ಪರೀಕ್ಷೆಯ ರಜೆಗೆ ಊರಿಗೆ ಹೋಗುತ್ತಿದ್ದಾಳೆ ಎಂದುಕೊಂಡೆ. ಉಳಿದ ಚೌಕಗಳು ಮುಂದಿನ ತಿಂಗಳಿಗೆ ಬರುತ್ತವೆ ಎಂದು ಹೇಳಿ, ದಾರಿಗೆ ಶೇಂಗಾ ಹೋಳಿಗೆ ಕಟ್ಟಿಕೊಟ್ಟೆ. ಅವಳು ಹೋದದ್ದು ಊರಿಗಲ್ಲ. ಹಾಲ್ ಟಿಕೆಟ್ ಸಿಗದೆ ಪರೀಕ್ಷೆ ತಪ್ಪಿಹೋಗಿ, ಕೋಣೆ ಖಾಲಿ ಮಾಡಿ, ಎಲ್ಲೋ ಕೆಲಸಕ್ಕೆ ಸೇರಿದ್ದಾಳೆ ಎಂದು ಅವಳ ಪಿ.ಜಿ.ಯ ಹುಡುಗಿಯರಿಂದ ಎರಡು ತಿಂಗಳ ಮೇಲೆ ತಿಳಿಯಿತು. ಫೋನ್ ಮಾಡಿದೆ. ನಂಬರ್ ಬದಲಾಗಿತ್ತು. ಗಲ್ಲಾದ ಮುಂದೆ ಕೂತು ಕಣ್ಣೀರು ಹಾಕಿದೆ. ಹುಡುಗರು ಮೆಣಸಿನಕಾಯಿಯ ಘಾಟು ಎಂದುಕೊಂಡರು.

ಒಂದೂವರೆ ವರ್ಷವಾದ ಮೇಲೆ ಯಜಮಾನರ ಮಂಡಿ ನೋವಿಗೆಂದು ಕೆಂಗೇರಿಯ ಒಂದು ಆಸ್ಪತ್ರೆಗೆ ಹೋದೆವು. ಬಿಲ್ಲು ಮಾಡುವ ಕಿಟಕಿಯ ಹಿಂದೆ ಅವಳು. ಕೊರಳಲ್ಲಿ ಗುರುತಿನ ಚೀಟಿ, ಕೂದಲು ಬಿಗಿಯಾಗಿ ಕಟ್ಟಿದ್ದಳು, ಸಣ್ಣಗಾಗಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು. "ಅಕ್ಕಾರ, ಹತ್ತು ನಿಮಿಷ ಇರ್ರಿ, ಬ್ರೇಕ್ ಐತಿ" ಎಂದಳು. ಹೊರಗೆ ಹೊಂಗೆ ಮರದ ಕೆಳಗಿನ ಬೆಂಚಿನ ಮೇಲೆ ಕೂತೆವು. ಅವಳ ಮಾತಿನಲ್ಲಿ ದೂರಿರಲಿಲ್ಲ, ಅದು ನನಗೆ ಇನ್ನೂ ಕಷ್ಟವಾಯಿತು. ತಪ್ಪಿದ ಪರೀಕ್ಷೆಗೆ ಮರುವರ್ಷ ಮತ್ತೆ ಫೀಸು, ಅಂಕಪಟ್ಟಿ ಇಲ್ಲದ್ದರಿಂದ ಬ್ಯಾಂಕು ಮುಂದಿನ ಕಂತು ನಿಲ್ಲಿಸಿತು, ಓದು ಬಿಟ್ಟಳೆಂದು ಗೊತ್ತಾದ ಕೂಡಲೇ ವಾಪಸು ಕಟ್ಟುವುದು ಶುರುವಾಯಿತು. "ಓದು ಅರ್ಧಕ್ಕ ನಿಂತ್ರೂ ಸಾಲ ಅರ್ಧಕ್ಕ ನಿಲ್ಲಂಗಿಲ್ರಿ" ಎಂದಳು. ಒಂದು ತಿಂಗಳು ತಡವಾದರೆ ಬ್ಯಾಂಕಿನವರು ಅವಳಿಗಲ್ಲ, ಊರಲ್ಲಿ ಅಪ್ಪನಿಗೆ ಫೋನ್ ಮಾಡುತ್ತಾರಂತೆ. ಅದಕ್ಕೇ ತಡ ಮಾಡುವುದಿಲ್ಲವಂತೆ.

"ನಾ ಅವತ್ತು ಬರದ ಕೊಡಬೇಕಿತ್ತು" ಎಂದೆ.

"ಇರ್ಲಿ ಬಿಡ್ರಿ ಅಕ್ಕಾರ. ನಾಕನೇ ವರ್ಷ ಮತ್ತೊಂದು ಫೀಸ್ ಬರತಿತ್ತು."

ಮತ್ತೆ ಕಾಲೇಜಿಗೆ ಸೇರಬಹುದೇ ಎಂದು ಕೇಳಿದೆ. ಬರುವ ಜುಲೈ ತನಕ ಅವಕಾಶವಿದೆ, ಆಮೇಲೆ ಇಲ್ಲ ಎಂದಳು. ಯಾರೋ ಕರೆದರು, ಹೋದಳು.

ಮನೆಗೆ ಬಂದು ಒಂದು ವಾರ ಕೂಡಿಸಿ ಕಳೆದು ನೋಡಿದೆ. ರೊಟ್ಟಿ ಯಂತ್ರ ಬಂದಾಗಿತ್ತು, ಆದರೆ ಒಂದು ಠೇವಣಿ ಉಳಿದಿತ್ತು. ಅದನ್ನು ಮುರಿದರೆ ಅವಳ ಉಳಿದ ಓದು ಮುಗಿಯುತ್ತದೆ, ಓದುವ ತನಕ ಬ್ಯಾಂಕಿನ ತಿಂಗಳ ಕಂತನ್ನೂ ಸಂಭಾಳಿಸಬಹುದು. ಯಜಮಾನರು "ಮುರಿ" ಎಂದರು. ಒಬ್ಬಳೇ ಮೆಟ್ರೋ ಹತ್ತಿ ಕೆಂಗೇರಿಗೆ ಹೋದೆ. ದಾರಿಯುದ್ದಕ್ಕೂ ಹೇಗೆ ಹೇಳಬೇಕೆಂದು ಮನಸ್ಸಿನಲ್ಲೇ ಆಡಿಕೊಂಡೆ. ಅವಳು ಅಳುತ್ತಾಳೆ, ಕಾಲಿಗೆ ಬೀಳುತ್ತಾಳೆ, ನಾನು ಎಬ್ಬಿಸುತ್ತೇನೆ. ಇಷ್ಟೂ ಆಗಲೇ ನಡೆದುಹೋದಂತೆ ನನಗೆ ಕಣ್ಣು ಒದ್ದೆಯಾಗಿತ್ತು.

ಅದೇ ಬೆಂಚಿನ ಮೇಲೆ ಕೂತು ಹೇಳಿದೆ. ಎಲ್ಲವನ್ನೂ ನಾನು ಕಟ್ಟುತ್ತೇನೆ, ಬಡ್ಡಿ ಇಲ್ಲ, ಅವಸರ ಇಲ್ಲ, ಕೆಲಸ ಸಿಕ್ಕ ಮೇಲೆ ಕೊಟ್ಟರೆ ಕೊಡು, ಕೊಡದಿದ್ದರೆ ಬಿಡು.

"ಬ್ಯಾಡ್ರಿ ಅಕ್ಕಾರ" ಎಂದಳು.

"ಸೊಕ್ಕೇನ ನಿಂಗ?" ಎಂದೆ. ನನ್ನ ಬಾಯಿಗೆ ಬೇರೆ ಮಾತು ಬರುವುದೇ ಇಲ್ಲ.

ಅವಳು ನಕ್ಕಳು. "ಸೊಕ್ಕಲ್ರಿ. ಬ್ಯಾಂಕಿನ ಸಾಲ ಮುಗೀತೈತ್ರಿ. ಏಳು ವರ್ಷ ಅಂತ ಅವ್ರು ಬರದ ಕೊಟ್ಟಾರ, ದಿನಾಂಕದ ಸಮೇತ. ನಿಮ್ದು ಯಾವಾಗ ಮುಗೀತೈತಿ ಅಂತ ಯಾರ ಬರದ ಕೊಡತಾರ್ರಿ?"

"ನಾ ಎಂದರ ಯಾರನ್ನರ ಕೇಳೀನೇನ? ನಮ್ಮ ಹುಡುಗ್ರು ಇದಾರಲ್ಲ, ಒಬ್ಬರಿಗಾದ್ರೂ—"

"ನೀವು ಕೇಳಂಗಿಲ್ರಿ. ಅದ ಮತ್ತ." ಅವಳ ದನಿ ಮೆತ್ತಗಿತ್ತು. "ಎರಡೂವರಿ ವರ್ಷ ನಿಮ್ಮಲ್ಲಿ ಉಂಡೀನಿ, ಆ ಸಾಹೇಬ್ರೆಲ್ಲಾ ಬರೋದು ನೋಡೀನಿ. ಎಂಥಾ ದೊಡ್ಡ ಮನಿಶ್ಯಾ ಆಗಿರ್ಲಿ, ನಿಮ್ಮ ಮುಂದ ನಿಂತೇ ಇರತಾರ್ರಿ. ಒಬ್ಬರೂ ಕುಂದ್ರಂಗಿಲ್ಲ. ನಂಗ ಕುಂತು ನಿಮ್ಮ ಜೋಡಿ ಮಾತಾಡಬೇಕಂತ ಆಸೆ ಐತ್ರಿ."

ಬ್ರೇಕ್ ಮುಗಿಯುವ ತನಕ ಇಬ್ಬರೂ ಪಕ್ಕಪಕ್ಕದಲ್ಲಿ ಕೂತೆವು. ಅವಳು ತಮ್ಮನ ಪಿ.ಯು.ಸಿ. ಬಗ್ಗೆ ಹೇಳಿದಳು, ನಾನು ಜೋಳದ ರೇಟು ಏರಿದ್ದನ್ನು ಹೇಳಿದೆ. ಜುಲೈ ಬಂದು ಹೋಯಿತು. ಅವಳು ಕಾಲೇಜಿಗೆ ಸೇರಲಿಲ್ಲ, ನನ್ನ ಠೇವಣಿ ಹಾಗೇ ಇದೆ. ತಿಂಗಳಿಗೊಮ್ಮೆ ರಜೆಯ ದಿನ ಅವಳು ಬರುತ್ತಾಳೆ, ದುಡ್ಡು ಕೊಟ್ಟು ಉಂಡು, ಕುರ್ಚಿ ಎಳೆದುಕೊಂಡು ಗಲ್ಲಾದ ಪಕ್ಕ ಕೂರುತ್ತಾಳೆ. ನಾನು ದುಡ್ಡು ತೆಗೆದುಕೊಳ್ಳುತ್ತೇನೆ.

ಹೋದ ವಾರ ಮಧ್ಯಾಹ್ನ ಹಳೆಯ ಹುಡುಗರಲ್ಲೊಬ್ಬ ಬಂದಿದ್ದ. ಸರ್ಕಾರಿ ಇಲಾಖೆಯಲ್ಲಿ ದೊಡ್ಡ ಹುದ್ದೆ, ತಲೆ ಬೆಳ್ಳಗಾಗಿದೆ, ಹೊರಗೆ ಡ್ರೈವರ್ ಕಾಯುತ್ತಿದ್ದ. ಪೇಡೆಯ ಡಬ್ಬಿ ಗಲ್ಲಾದ ಮೇಲಿಟ್ಟು, ಕೈಕಟ್ಟಿಕೊಂಡು ಮಗಳ ಮದುವೆಯ ಸುದ್ದಿ ಹೇಳತೊಡಗಿದ. ಕುರ್ಚಿ ಪಕ್ಕದಲ್ಲೇ ಇತ್ತು. "ಕುಂದ್ರಪಾ" ಎಂದೆ. "ಇರ್ಲಿ ಬಿಡ್ರಿ ಅಕ್ಕಾರ" ಎಂದ. ನಾನೇ ಎದ್ದು ಹೋಗಿ ಕುರ್ಚಿಯನ್ನು ಅವನ ಹಿಂದೆ ಇಟ್ಟು, ಭುಜ ಹಿಡಿದು, "ಕುಂದ್ರೋ, ನನ್ನ ಸಲುವಾಗಿ ಒಂದು ಸಲ ಕುಂದ್ರು" ಎಂದೆ. ಅವನು ನಕ್ಕು ಕುರ್ಚಿಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ. ಅರ್ಧ ಗಂಟೆ ಮಾತಾಡಿದ, ನಿಂತೇ ಇದ್ದ.